ಕವಣೆ

ಹದಿನಾಲ್ಕು ತೊಟ್ಟಿಗಳು ಕರೆಗೆ ಓಗೊಟ್ಟವು ಆ ರಾತ್ರಿ,
ನಡುವಿನದೊಂದು ಬಿಟ್ಟು.
ನಕ್ಷೆಯ ಮೇಲೆ ಚುಕ್ಕಿಗಳ ಉಂಗುರ,
ಉಂಗುರದೊಳಗೆ ಬೆರಳಿಲ್ಲ.

ಒಂದೇ ಒಂದು ಕಣ. ಯಾವುದೋ ಪರಮಾಣುವಿನ ತಿರುಳು.
ನಮ್ಮ ಆಕಾಶಗಂಗೆಯ ಆಚೆಗೆಲ್ಲೋ ಹೊರಟು
ಇಲ್ಲಿ, ಆಂಡಿಸ್ ತಪ್ಪಲಿನ ಈ ಒಣ ಬಯಲ ಮೇಲೆ
ಗಾಳಿಗೆ ಢಿಕ್ಕಿ ಹೊಡೆದು
ಒಡೆದು, ಒಡೆದದ್ದು ಮತ್ತೆ ಒಡೆದು,
ಸಾವಿರಾರು ಕೋಟಿ ಚೂರಾಗಿ ಸುರಿದದ್ದು
ಮುಂಜಾನೆ ಮೂರು ಗಂಟೆ ಹದಿನೇಳು ನಿಮಿಷಕ್ಕೆ.
ಇಂಥದ್ದು ವರ್ಷಗಟ್ಟಲೆ ಕಾದರೆ ಒಮ್ಮೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ
ಎಂದಳು ಲೆಕ್ಕದ ಕೋಣೆಯ ಸೋಲೇದಾದ್,
ನನ್ನ ಕಡೆ ನೋಡದೆ.
ಬ್ಯಾಟರಿ, ತಂತಿ, ಬೀಗ ನನ್ನ ಸುಪರ್ದಿ.

ನಡುವಿನ ತೊಟ್ಟಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು
ಕಲಾಂದ್ರಿಯಾ.
ಹಾಡುವ ಹಕ್ಕಿ ಅದು.

ಎರಡು ತಾಸಿನ ದಾರಿ, ದಾರಿ ಎನ್ನುವುದಾದರೆ.
ಹರೀಯದ ಪೊದೆ, ಕಲ್ಲು, ಮತ್ತೆ ಹರೀಯ.
ಬಾವಿ ತೋಡಿದರೆ ಗಂಟಲು ಕೆರೆಯುವ ಉಪ್ಪು ಇಲ್ಲಿ.
ಅಂಥ ಸೀಮೆಗೆ ಲಾರಿಯಲ್ಲಿ ಹೊತ್ತು ತಂದು ತುಂಬಿದ್ದೇವೆ
ತೊಟ್ಟಿಗೆ ಹನ್ನೆರಡು ಟನ್ ನೀರು,
ಉಪ್ಪಿಲ್ಲದ್ದು, ಪಾಚಿಯಿಲ್ಲದ್ದು,
ಯಾರೂ ಕುಡಿಯದ್ದು, ಯಾರೂ ಮುಖ ನೋಡಿಕೊಳ್ಳದ್ದು.
ಕತ್ತಲಲ್ಲಿ ಕೂತು ಅದು ಕಾಯುವುದು
ಹಾದುಹೋದವರ ನೀಲಿ ಹೆಜ್ಜೆ ಒಂದು ಚಣ ಮೂಡಲೆಂದು.

ಬ್ಯಾಟರಿ ಸರಿಯಿತ್ತು. (ಸದ್ಯ.)
ಹಸುವೊಂದು ಬೆನ್ನು ತುರಿಸಿಕೊಂಡು ತಂತಿ ಕಿತ್ತಿತ್ತು;
ತೊಟ್ಟಿಯ ಅಂಚಿಗೆ ಕೆಂಚು ಕೂದಲು ಸಾಕ್ಷಿ.

ದೊಡ್ಡಿಯಿಂದ ದೋನ್ಯಾ ಹೆನೋವೇವಾ ಬಂದಳು,
ಕೈಯಲ್ಲಿ ಮಾತೆಯ ಬುರುಡೆ, ಸೊಂಟದಲ್ಲಿ ಕವಣೆ.
“ಏನು ಬಿತ್ತು ಅಂತ ಇಷ್ಟು ದೂರ ಬಂದೆ, ಫೋರ್ಕೇರಾ?”
ಹೇಳಿದೆ.
ಎಷ್ಟು ದೊಡ್ಡದು ಅಂದಳು.
ಕಣ್ಣಿಗೆ ಕಾಣದಷ್ಟು.
ಎಷ್ಟು ಜೋರು ಅಂದಳು.
ನಿನ್ನ ಕವಣೆಯಿಂದ ಹೊರಟ ಗೋಲಿಗಾತ್ರದ ಕಲ್ಲಿನಷ್ಟು.
ನಕ್ಕಳು. “ಅಷ್ಟೇನಾ?”
ಆಮೇಲೆ ನಗಲಿಲ್ಲ. ಅಂಗೈ ಬಿಚ್ಚಿ
ಕಾಣದ್ದೊಂದನ್ನು ತೂಗಿ ನೋಡಿದಳು.

“ಎಸೆದದ್ದು ಯಾರು?”
ಗೊತ್ತಿಲ್ಲ. ಬರುವ ಹಾದಿಯಲ್ಲೇ ಬಾಗಿಬಿಡುತ್ತದೆ,
ಬಂದ ದಿಕ್ಕಿಗೆ ಬೆರಳು ಮಾಡಿದರೆ ಅಲ್ಲಿ ಯಾರೂ ಇಲ್ಲ.
“ನನ್ನ ಮೇಕೆಗಳೂ ಹಾಗೇ,” ಅಂದಳು,
“ಕಲ್ಲು ಬಿದ್ದ ಕಡೆ ನೋಡ್ತಾವೆ. ನನ್ನ ಕಡೆ ಅಲ್ಲ.”

ಮೂರು ಹದಿನೇಳಕ್ಕೆ ಆಕೆ ಎಚ್ಚರವಿದ್ದಳಂತೆ.
ಕಪ್ಪು ಮೇಕೆಗೆ ಹೆರಿಗೆ, ಮರಿ ಅಡ್ಡ ಸಿಕ್ಕಿತ್ತು,
ಮೊಣಕೈವರೆಗೆ ತೋಳು ಒಳಗಿತ್ತು.
“ಏನೂ ಕಾಣಲಿಲ್ಲ. ಏನೂ ಕೇಳಲಿಲ್ಲ. ಚಳಿಯಿತ್ತು.”

ನಿನ್ನೊಳಗಿಂದ ಹಾದುಹೋಗಿದೆ ಅಂದೆ,
ಸಾವಿರಾರು ಚೂರು, ಬೆನ್ನಿನಿಂದ, ತೋಳಿನಿಂದ,
ಮೇಕೆಯಿಂದ, ಇನ್ನೂ ಹುಟ್ಟದ ಮರಿಯಿಂದ.

ಬಹಳ ಹೊತ್ತು ಬುರುಡೆಯ ಕೊಳವೆ ಹೀರಿದಳು.
ನೀರು ಮುಗಿದು ಅದು ಗೊರಗೊರ ಅಂದಿತು.
“ಹಂಗಾದ್ರೆ ನಿನ್ನ ತೊಟ್ಟಿ ಮಲಗಿತ್ತು,
ನಾನು ಮಲಗಿರಲಿಲ್ಲ.
ನನ್ನ ಹೆಸರು ಬರಕೋ.”

ಹೊಸ ತಂತಿ ಹಾಕಿದೆ. ಸುತ್ತ ಮುಳ್ಳುಬೇಲಿ ಬಿಗಿದೆ.
ಕಲಾಂದ್ರಿಯಾಗೆ ಸಂಜೆಯ ಹೊತ್ತಿಗೆ ದನಿ ಬಂತು,
ದಿನನಿತ್ಯದ ಚಿಲ್ಲರೆ ತುಂತುರು: ಟಿಕ್, ಟಿಕ್.
ದೂರದಲ್ಲಿ ಕವಣೆ ಬೀಸಿದ ಸದ್ದು;
ಅಲೆದು ಹೋಗಿದ್ದ ಮೇಕೆ ತಿರುಗಿತು.

ಪುಸ್ತಕದಲ್ಲಿ, ಕಾರಣ: ಹಸು.
ಷರಾ ಅಂಕಣದಲ್ಲಿ:
ಸದರಿ ವೇಳೆ ಸದರಿ ಸ್ಥಳದಲ್ಲಿ
ಹೆನೋವೇವಾ ಗ್ವಾಹಾರ್ದೋ, ಒಂದು ಮೇಕೆ, ಒಂದು ಮರಿ
ಹಾಜರಿದ್ದರು.

ಸೋಲೇದಾದ್ ಹೊಡೆದುಹಾಕಲಿಲ್ಲ.
ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಕೇಳಿದ್ದಾಳೆ:
ಅಳತೆ ಎಷ್ಟು ಬಂತು?

ಇನ್ನೂ ಉತ್ತರ ಬರೆದಿಲ್ಲ.
ಮರಿ ಬದುಕಿದೆ, ಕುಂಟುತ್ತದೆ,
ತೊಟ್ಟಿಯ ನೆರಳಲ್ಲಿ ಮಲಗುತ್ತದೆ.